ಆರು ಹಂತ ಮುಗಿದ್ರೂ ಆಫರ್ ಬಂದಿಲ್ಲ, ಈಗ ಮತ್ತೊಂದು ಅಸೈನ್‌ಮೆಂಟ್ ಕೇಳ್ಯಾರ. ಕಾಯಬೇಕೋ, ಬಿಡಬೇಕೋ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಂದು ಸೇಡಂ ತಾಲೂಕು, ವಯಸ್ಸು 26. ಕಲಬುರಗಿದಾಗ ಬಿಇ ಮುಗಿಸಿ ಇಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿದಾಗ ಮೂರು ವರ್ಷದಿಂದ ಟೆಸ್ಟಿಂಗ್ ಕೆಲಸ ಮಾಡ್ಲಕತ್ತೀನಿ, ಪಗಾರ ಕೈಗಿ 21 ಸಾವಿರ ಬರ್ತದ. ಹೈದ್ರಾಬಾದಿನ ಒಂದು ಕಂಪನಿಗಿ ಅಪ್ಲೈ ಮಾಡಿ ಎರಡೂವರೆ ತಿಂಗಳಾಯ್ತು. ಎಚ್‌ಆರ್ ಫೋನ್, ಆನ್‌ಲೈನ್ ಟೆಸ್ಟ್, ಎರಡು ಟೆಕ್ನಿಕಲ್ ರೌಂಡ್, ಒಂದು ಅಸೈನ್‌ಮೆಂಟ್, ಆಮ್ಯಾಲ ಮ್ಯಾನೇಜರ್ ರೌಂಡ್, ಎಲ್ಲಾ ಚಲೋ ಆಯ್ತು ಅಂದ್ರು. ಅದಾದ ಮ್ಯಾಲ ಮೂರು ವಾರ ಸುದ್ದಿನೇ ಇಲ್ಲ. ಮೊನ್ನಿ ಒಮ್ಮೆಲೇ ಮೇಲ್ ಬಂತು, ಅವರ ಆ್ಯಪ್‌ದ ಪೇಮೆಂಟ್ ಭಾಗಕ್ಕ ಪೂರ್ತಿ ಟೆಸ್ಟ್ ಪ್ಲ್ಯಾನ್, ಟೆಸ್ಟ್ ಕೇಸ್ (ಏನೇನು ಹೆಂಗ ಪರೀಕ್ಷೆ ಮಾಡೋದು ಅನ್ನೋದು), ಸಿಕ್ಕ ಬಗ್‌ಗಳ, ಅಂದ್ರ ತಪ್ಪುಗಳ ಪಟ್ಟಿ ಮಾಡಿ ಐದು ದಿನದಾಗ ಕಳಸ್ರಿ, ಅದು ನೋಡಿ ಡೈರೆಕ್ಟರ್ ಜೊತಿ ಮಾತಾಡ್ಲಕ ಹೈದ್ರಾಬಾದಿಗಿ ಕರೀತೀವಿ ಅಂತ. ಒಬ್ಬ ಫ್ರೆಂಡ್ ಅಂತಾಳ ಅವರು ಒಳಗಿನವರನ್ನ ಆಗ್ಲೇ ತಗೊಂಡಾರ, ನಿಂದು ಬರೀ ತೋರಿಕಿಗಿ. ಇನ್ನೊಬ್ಬ 30 ಸಾವಿರ ಕೊಟ್ರ ರೆಫರಲ್ ಮಾಡಿಸ್ತೀನಿ ಅಂತಾನ. ಈಗಿನ ಕಂಪನಿದಾಗ ನೋಟಿಸ್ 60 ದಿನ ಅದ, ಮೊದಲೇ ರಿಸೈನ್ ಮಾಡಿದ್ರ ಲಗು ತಗೋತಾರೇನ್ರಿ? ಮ್ಯಾನೇಜರ್ ರೌಂಡ್‌ದಾಗ ಮದುವಿ ಯಾವಾಗ ಅಂತನೂ ಕೇಳಿದ್ರು, ನನಗ ಏನು ಹೇಳ್ಬೇಕು ತಿಳೀಲಿಲ್ಲ. ಅಪ್ಪ ಅಂತಾರ ಇದೆಲ್ಲಾ ಬಿಟ್ಟು 371ಜೆ ಮೀಸಲಾತಿ ಅದಲ್ಲ, ಸರ್ಕಾರಿ ನೌಕರಿಗಿ ಓದು ಅಂತ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅದಕ್ಕೇ ಎಳೀಲಕತ್ತಾರೇನೋ ಅನಸ್ತದ. ರಾತ್ರಿ ನಿದ್ದಿ ಬರವಲ್ದು.

ಉತ್ತರ:

ತಂಗಿ, ನಿಮ್ಮ ಪತ್ರ ಇದಕ್ಕಿಂತ ಉದ್ದ ಇತ್ತು, ಗುರುತು ಸಿಗೋವಂಥ ಮಾತೆಲ್ಲಾ ತಗದು ಹಾಕೀನಿ. ಪ್ರಶ್ನೆ ಐದಾರು ಅವ ಖರೇ, ಆದ್ರ ಎಲ್ಲದರ ಕೆಳಗ ಇರೋ ಅಂಜಿಕಿ ಒಂದೇ ಅಂತ ನನಗ ಅನಸ್ತದ: ಇಷ್ಟು ರೌಂಡ್ ಮಾಡ್ಲಕತ್ತಾರಂದ್ರ ನನ್ನಾಗೇ ಏನೋ ಕಮ್ಮಿ ಅದ, ಅದನ್ನ ಹುಡುಕ್ಲಕತ್ತಾರ ಅಂತ. ಇದನ್ನೇ ಮೊದಲು ತಗೋತೀನಿ, ಯಾಕಂದ್ರ ಇದು ಸುಳ್ಳು.

ನಾ ಹೈದ್ರಾಬಾದ್, ಬೆಂಗ್ಳೂರು ಎರಡೂ ಕಡಿ ಕಂಪನಿಗಳ ನೇಮಕಾತಿ ವಿಭಾಗದಾಗ ಬಹಳ ವರ್ಷ ಕೆಲಸ ಮಾಡಿ ಈಗ ಕಲಬುರಗಿದಾಗ ಹುಡುಗ ಹುಡುಗೇರಿಗಿ ಇಂಟರ್ವ್ಯೂ ತಯಾರಿ ಮಾಡಿಸ್ತೀನಿ. ಕೆಲಸ ಬರಂಗಿಲ್ಲ ಅಂತ ಅನಿಸಿದ ಕ್ಯಾಂಡಿಡೇಟ್‌ನ ಯಾರೂ ಮ್ಯಾನೇಜರ್ ರೌಂಡ್ ತನಕ ಒಯ್ಯಂಗಿಲ್ರಿ. ಒಂದು ತಾಸು ಇಂಟರ್ವ್ಯೂ ಅಂದ್ರ ಅವರ ಸೀನಿಯರ್ ಒಬ್ಬರ ಒಂದು ತಾಸು ಕೆಲಸ ನಿಂತಂಗ, ಮುಗದ ಮ್ಯಾಲ ಫೀಡ್‌ಬ್ಯಾಕ್ ಬರೀಬೇಕು, ಅದಕ್ಕ ಅವರು ಗೊಣಗ್ತಿರ್ತಾರ. ಬ್ಯಾಡ ಅನಿಸಿದವರನ್ನ ಎರಡನೇ ಟೆಕ್ನಿಕಲ್ ರೌಂಡ್‌ದಾಗೇ ಬಿಟ್ಟುಬಿಡ್ತಾರ. ನೀವು ಅದನ್ನ ದಾಟೀರಿ. ಅಂದ್ರ ಕೆಲಸದ ಪರೀಕ್ಷೆ ನಿಮ್ಮದು ಮುಗದದ, ಈಗ ನಡೀಲಕತ್ತಿರೋದು ಅವರ ತೀರ್ಮಾನದ ತ್ರಾಸ.

ಆ ತ್ರಾಸ ಏನಂದ್ರ, ಒಂದು ಹುದ್ದೆ ಖಾಲಿ ಅದ ಅಂತ ಜಾಹೀರಾತು ಹಾಕಿದ ದಿನ ಆ ಹುದ್ದೆಗಿ ರೊಕ್ಕ ಮಂಜೂರ್ ಆಗಿರ್ತದ ಅಂತ ನಾವು ತಿಳೀತೀವಿ. ಬಹಳ ಕಡಿ ಹಂಗಿರಂಗಿಲ್ಲ. ಮ್ಯಾನೇಜರ್‌ಗ ಜನ ಬೇಕಾಗಿರ್ತದ, ಫೈನಾನ್ಸ್‌ನವರು ಮುಂದಿನ ಕ್ವಾರ್ಟರ್ ನೋಡೋಣು ಅಂತಿರ್ತಾರ, ಇಬ್ಬರ ನಡುವ ಎಚ್‌ಆರ್ ಹುಡುಗಿ ನಿಮಗ 'ಪ್ಯಾನಲ್ ಬಿಜಿ ಅದ' ಅಂತ ಹೇಳ್ತಿರ್ತಾಳ. ಮಾರ್ಚ್ ಏಪ್ರಿಲ್ ಹೊತ್ತಿನ್ಯಾಗ ಬಜೆಟ್ ಬದಲಾಗೋದ್ರಿಂದ ಇದು ಇನ್ನೂ ಜಾಸ್ತಿ. ಎರಡನೇ ಕಾರಣ, ಪ್ಯಾನಲ್‌ದಾಗ ಇಬ್ಬರು ಹೂಂ ಅಂದು ಒಬ್ಬರು ಸುಮ್ಮ ಕುಂತ್ರ ಇನ್ನೊಂದು ರೌಂಡ್ ಹಾಕ್ರಿ ಅನ್ನೋದು ಎಲ್ಲರಿಗೂ ಸುಲಭ, ಯಾಕಂದ್ರ ನಾಳೆ ಆ ಮನಷ್ಯಾ ಚಲೋ ಕೆಲಸ ಮಾಡ್ಲಿಲ್ಲಂದ್ರ ತಪ್ಪು ಒಬ್ಬರ ತಲಿ ಮ್ಯಾಲ ಬರಬಾರದಲ್ಲ. ಹೆಣ್ಣು ನೋಡ್ಲಕ ಬಂದವರು ಒಪ್ಪಿಗಿ ಅಂತ ಹೇಳ್ಲಕ ಧೈರ್ಯ ಸಾಲದೆ ಇನ್ನೊಮ್ಮೆ ಸೋದರಮಾವನ್ನ ಕರಕೊಂಡು ಬರ್ತೀವಿ ಅಂತಾರ ನೋಡ್ರಿ, ಅದೇ ಕಥಿ ಇದು.

ರೌಂಡ್ ಹೆಚ್ಚಾದಷ್ಟು ಆಯ್ಕೆ ಚಲೋ ಆಗ್ತದ ಅನ್ನೋದೂ ಖರೇ ಅಲ್ಲ. ಗೂಗಲ್‌ದವರು ತಮ್ಮದೇ ಇಂಟರ್ವ್ಯೂಗಳ ದಾಖಲೆ ತಗದು ಲೆಕ್ಕ ಹಾಕಿದಾಗ, ನಾಲ್ಕು ಇಂಟರ್ವ್ಯೂ ಆದ್ರ 86% ಭರವಸಿಯಿಂದ ತೀರ್ಮಾನ ಮಾಡಬಹುದು, ಅದಾದ ಮ್ಯಾಲ ಸೇರಿಸೋ ಒಂದೊಂದು ಇಂಟರ್ವ್ಯೂದಿಂದ ಸಿಗೋ ಲಾಭ ಸುಮಾರು 1% ಅಷ್ಟೇ ಅಂತ ಕಂಡುಬಂತು, ಆಮ್ಯಾಲ ಅವರು ಸಾಮಾನ್ಯವಾಗಿ ನಾಲ್ಕಕ್ಕ ನಿಲ್ಲಿಸೋ ರೂಢಿ ಮಾಡಿಕೊಂಡ್ರು. ಅಷ್ಟು ದೊಡ್ಡ ಕಂಪನಿಗಿ ನಾಲ್ಕು ಸಾಕಾದ್ರ ನಿಮ್ಮ ಹೈದ್ರಾಬಾದ್ ಕಂಪನಿಗಿ ಎಂಟು ಯಾಕ ಬೇಕು ಅಂತ ನೀವು ಕೇಳಬಹುದು. ನನ್ನ ಅನುಭವದಾಗ, ಐದರ ಮ್ಯಾಲ ಹೋದ ಪ್ರೊಸೆಸ್ ಬಹಳ ಸಲ ಆ ಕಂಪನಿದಾಗ ಕೆಲಸ ಹೆಂಗ ನಡೀತದ ಅನ್ನೋದರ ನಮೂನಿನೇ ಆಗಿರ್ತದ. ಅಲ್ಲಿ ಸೇರಿದ ಮ್ಯಾಲ ಒಂದು ರಜಾ ಅಪ್ರೂವಲ್‌ಗೂ ನಾಲ್ಕು ಜನರ ಸಹಿ ಬೇಕಾಗ್ತದ. ಇದನ್ನ ಲೆಕ್ಕದಾಗ ಹಿಡೀರಿ.

ಇನ್ನ ನಿಮ್ಮ ಫ್ರೆಂಡ್ ಹೇಳಿದ 'ತೋರಿಕಿ' ವಿಷಯ. ಪೂರ್ತಿ ಸುಳ್ಳು ಅಂತ ನಾ ಹೇಳಂಗಿಲ್ಲ. ಒಳಗಿನವರನ್ನ ತಗೊಂಡು ಬರೀ ತೋರಿಕಿಗಿ ಹೊರಗಿನವರನ್ನ ಕರ್ಯೋದು ನಡೀತದ, ಆದ್ರ ಅಂಥದ್ದು ಒಂದು ಎರಡು ರೌಂಡ್‌ದಾಗ ಮುಗೀತದ, ಸುಮ್ಮ ಸುಮ್ಮನ ಆರು ಹಂತ ಯಾರು ಮಾಡ್ತಾರ್ರಿ. ನಿಮ್ಮ ಕೇಸ್‌ದಾಗ ಹೆಚ್ಚು ಸಾಧ್ಯತೆ ಇರೋದು ಬ್ಯಾರೇನೇ: ಅವರ ಕೈಯಾಗ ಮೊದಲನೇ ಆಯ್ಕೆ ಒಬ್ಬರು ಇರಬಹುದು, ಅವರಿಗಿ ಆಫರ್ ಹೋಗಿರಬಹುದು, ಅವರ ನೋಟಿಸ್ ಪೀರಿಯಡ್ 90 ದಿನ ಇದ್ದು ಬರ್ತಾರೋ ಇಲ್ಲೋ ಗೊತ್ತಿಲ್ಲದೆ ಎರಡನೇದವರನ್ನ, ಅಂದ್ರ ನಿಮ್ಮನ್ನ, ಕೈ ಬಿಡದಂಗ ಹಿಡಕೊಂಡಿರಬಹುದು. ನಮ್ಮ ಕಡಿ ಐಟಿ ಕಂಪನಿಗಳಿಗಿ ಇದು ದೊಡ್ಡ ತಲಿಬ್ಯಾನಿ, ಆಫರ್ ತಗೊಂಡು ಆ ಪತ್ರ ತೋರಿಸಿ ಇನ್ನೊಂದು ಕಡಿ ಜಾಸ್ತಿ ಪಗಾರ ಕೇಳೋರು ಬಹಳ ಮಂದಿ, ಅದಕ್ಕೇ ಎರಡನೇ ಹೆಸರು ಯಾವಾಗ್ಲೂ ರೆಡಿ ಇಟ್ಟಿರ್ತಾರ. ಮೂರು ವಾರ ಸುದ್ದಿ ಇಲ್ಲದೆ ಒಮ್ಮೆಲೇ ಹೊಸ ಅಸೈನ್‌ಮೆಂಟ್ ಬಂದದ್ದು ನೋಡಿದ್ರ ನನಗ ಇದೇ ಅನುಮಾನ. ಎರಡನೇ ಹೆಸರಾಗಿರೋದು ಅವಮಾನ ಅಲ್ಲ, ಎಷ್ಟೋ ಮಂದಿ ಹಂಗೇ ಸೇರಿ ಇವತ್ತು ಟೀಮ್ ಲೀಡ್ ಆಗ್ಯಾರ. ಆದ್ರ ಎರಡನೇ ಹೆಸರಾಗಿ ನಿಂತವರು ತಮ್ಮ ಕೈಯಾಗಿನ ನೌಕರಿ ಬಿಡಬಾರದು, ಅಷ್ಟೇ.

ಹಂಗಾಗಿ ಈಗ ರಿಸೈನ್ ಮಾಡ್ಬ್ಯಾಡ್ರಿ. 'ಇಮ್ಮೀಡಿಯೇಟ್ ಜಾಯ್ನರ್', ಅಂದ್ರ ಕೂಡಲೇ ಸೇರೋರು ಅಂದ್ರ ಲಗು ತಗೋತಾರ ಅನ್ನೋದು ಅರ್ಧ ಖರೇ, ಎರಡು ಸಮ ಕ್ಯಾಂಡಿಡೇಟ್ ಇದ್ದಾಗ ಮಾತ್ರ ಅದರ ಲಾಭ. ನೌಕರಿ ಇಲ್ಲದವರ ಜೊತಿ ಪಗಾರದ ಮಾತು ಆಡೋವಾಗ ಎಚ್‌ಆರ್‌ದವರ ದನಿನೇ ಬದಲಾಗ್ತದ, ನಾ ಆ ಖುರ್ಚಿದಾಗ ಕುಂತವಳು, ನನಗ ಗೊತ್ತದ. 60 ದಿನ ನೋಟಿಸ್ ಅಂತ ಇದ್ದದ್ದು ಇದ್ದಂಗ ಹೇಳ್ರಿ, ಆಫರ್ ಬಂದ ಮ್ಯಾಲ ನಮ್ಮ ಕಂಪನಿ ಜೊತಿ ಮಾತಾಡಿ ಕಡಿಮಿ ಮಾಡ್ಲಕ ನೋಡ್ತೀನಿ ಅನ್ರಿ, ಹೊಸ ಕಂಪನಿಗಿ ಅವಸರ ಇದ್ರ ನೋಟಿಸ್ ಬೈಔಟ್ ಅಂತ ಉಳಿದ ದಿನದ ರೊಕ್ಕ ಅವರೇ ತುಂಬೋದೂ ಅದ. ಮತ್ತ, ರಿಸೈನ್ ಮಾಡದೇ ಮಾಡೀನಿ ಅಂತ ಸುಳ್ಳು ಹೇಳ್ಬ್ಯಾಡ್ರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡೋವಾಗ ರಿಲೀವಿಂಗ್ ಲೆಟರ್ ನೋಡ್ತಾರ, ನಿಮ್ಮ ಪಿಎಫ್‌ದ ಯುಎಎನ್ ನಂಬರ್ ಮ್ಯಾಲ ಯಾವ ಕಂಪನಿದಾಗ ಯಾವ ತಾರೀಖಿನ ತನಕ ಇದ್ರಿ ಅನ್ನೋದು ಕಾಣಸ್ತದ.

ಯಾವ ಕಾಗದ ಬಂದ ಮ್ಯಾಲ ರಿಸೈನ್ ಮಾಡೋದು ಅನ್ನೋದ್ರಾಗೂ ಗೊಂದಲ ಅದ. ಫೋನ್‌ನ್ಯಾಗ 'ಕಂಗ್ರಾಟ್ಸ್, ಯು ಆರ್ ಸೆಲೆಕ್ಟೆಡ್' ಅಂದದ್ದು ಆಫರ್ ಅಲ್ಲ. ಸ್ಯಾಲರಿ ಸ್ಲಿಪ್, ಮಾರ್ಕ್ಸ್‌ಕಾರ್ಡ್ ಕೇಳಿದ್ದು ಚಲೋ ಲಕ್ಷಣ, ಆದ್ರ ಆಫರ್ ಅಲ್ಲ. 'ಲೆಟರ್ ಆಫ್ ಇಂಟೆಂಟ್' ಅಂತ ಬರೋದೂ ಬಹಳ ಸಲ ಇಚ್ಛೆ ಅದ ಅನ್ನೋ ಮಾತಷ್ಟೇ. ಹುದ್ದೆ, ಪಗಾರದ ವಿವರ, ಸೇರೋ ತಾರೀಖು, ಊರು ಎಲ್ಲಾ ಬರದ ಆಫರ್ ಲೆಟರ್ ಕಂಪನಿಯ ಸ್ವಂತ ಡೊಮೇನ್ ಇರೋ ಮೇಲ್‌ದಿಂದ ಬರ್ಬೇಕು, ನೀವು ಒಪ್ಪಿಗಿ ಕಳಸಿ ಅವರು ಅದಕ್ಕ ಉತ್ತರ ಕೊಟ್ಟಿರ್ಬೇಕು, ಆಮ್ಯಾಲ ರಿಸೈನ್. ಅಷ್ಟಾದ್ರೂ ಆಫರ್ ವಾಪಸ್ ತಗೊಂಡ ಕಂಪನಿಗಳು ಅವ, ಸೇರೋ ತಾರೀಖು ತಿಂಗಳುಗಟ್ಟಲೆ ಮುಂದ ಹಾಕಿದವೂ ಅವ, ಕೋರ್ಟಿಗಿ ಹೋಗಿ ಗೆಲ್ಲೋದು ನಿಮ್ಮಂಥವರಿಗಿ ವರ್ಷಗಳ ಕೆಲಸ. ಆದ್ದರಿಂದ ಎರಡು ಮೂರು ತಿಂಗಳ ಖರ್ಚಿನ ರೊಕ್ಕ ಬ್ಯಾಂಕಿನ್ಯಾಗ ಇಟ್ಟುಕೊಂಡೇ ಈ ಹೆಜ್ಜಿ ಇಡ್ರಿ.

ಈಗ ಆ ಎರಡನೇ ಅಸೈನ್‌ಮೆಂಟ್. ನಿಮ್ಮ ಪತ್ರದಾಗ ನನಗ ಸಿಟ್ಟು ಬಂದದ್ದು ಇದೊಂದು ಜಾಗಾದಾಗ. ಮೊದಲನೇ ಅಸೈನ್‌ಮೆಂಟ್ ಒಂದು ಡೆಮೊ ವೆಬ್‌ಸೈಟ್ ಮ್ಯಾಲ ಇತ್ತು ಅಂತ ಬರದೀರಿ, ಅದು ಸರಿ, ಎಲ್ಲಾ ಕ್ಯಾಂಡಿಡೇಟ್‌ಗೂ ಅದೇ ಕೊಡ್ತಾರ, ಉತ್ತರ ಅವರಿಗಿ ಮೊದಲೇ ಗೊತ್ತಿರ್ತದ, ನೀವು ಹೆಂಗ ಯೋಚನೆ ಮಾಡ್ತೀರಿ ಅನ್ನೋದು ನೋಡ್ತಾರ. ಎರಡನೇದು ಹಂಗಲ್ಲ. ಅವರದೇ ಆ್ಯಪ್, ಅದ್ರಾಗೂ ಪೇಮೆಂಟ್ ಭಾಗ, ಪೂರ್ತಿ ಪ್ಲ್ಯಾನ್, ಮ್ಯಾಲ ಬಗ್ ಪಟ್ಟಿ ಬ್ಯಾರೆ. ನೀವೇ ಟೆಸ್ಟಿಂಗ್ ಮಾಡೋರು, ಯುಪಿಐ ಅರ್ಧಕ್ಕ ನಿಂತ್ರ ಏನು, ರೊಕ್ಕ ಕಟ್ ಆಗಿ ಆರ್ಡರ್ ಆಗಲಿಲ್ಲಂದ್ರ ಏನು, ರೀಫಂಡ್ ಎರಡು ಸಲ ಹೋದ್ರ ಏನು, ಓಟಿಪಿ ತಡ ಆದ್ರ ಏನು, ಇಷ್ಟೆಲ್ಲಾ ಬರೀಲಕ ಆಫೀಸಿನ್ಯಾಗ ಎಷ್ಟು ದಿನ ಹಿಡೀತದ ಅಂತ ನಿಮಗೇ ಗೊತ್ತದ. ನಾ ನೋಡೋ ಲೆಕ್ಕ ಒಂದೇ: ನೀವು ಕೊಟ್ಟಿದ್ದನ್ನ ಅವರು ನಾಳೇನೇ ತಮ್ಮ ಕೆಲಸಕ್ಕ ಹಾಗೇ ಬಳಸಬಹುದಾ? ಬಳಸಬಹುದು ಅಂದ್ರ ಅದು ಪರೀಕ್ಷೆ ಅಲ್ಲ, ಪಗಾರ ಇಲ್ಲದ ಕೆಲಸ. ಎಲ್ಲಾ ಕಂಪನಿ ಬೇಕಂತಲೇ ಹಿಂಗ ಮಾಡ್ತಾವ ಅಂತ ಅಲ್ಲ, ಕೆಲವು ಸಲ ಹೊಸ ಮ್ಯಾನೇಜರ್‌ಗ ಅಸೈನ್‌ಮೆಂಟ್ ತಯಾರ್ ಮಾಡ್ಲಕ ಬ್ಯಾಸರ, ಕೈಗಿ ಸಿಕ್ಕಿದ್ದು ಕೊಟ್ಟುಬಿಡ್ತಾರ. ಕಾರಣ ಏನೇ ಇರಲಿ, ಹೋಗೋದು ನಿಮ್ಮ ಐದು ರಾತ್ರಿ.

ನಿಮ್ಮ ಮುಂದ ಮೂರು ದಾರಿ ಅವ. ಪೂರ್ತಿ ಮಾಡಿ ಕೊಡಬಹುದು, ಆವಾಗ ಅವರಿಗಿ ಖುಷಿ, ನಿಮಗ ನೌಕರಿ ಖಾತ್ರಿ ಇಲ್ಲ, ಐದು ದಿನ ಆಫೀಸಿನ ಕೆಲಸದಾಗ ತಪ್ಪಾದ್ರ ಅದೂ ನಿಮ್ಮ ಮ್ಯಾಲೇ. ಮಾಡಂಗಿಲ್ಲ ಅಂತ ಬಿಡಬಹುದು, ಆವಾಗ ಹೆಚ್ಚುಕಮ್ಮಿ ಅಲ್ಲಿಗೇ ಮುಗೀತದ. ನಾ ಹೇಳೋದು ನಡುವಿಂದು: ಒಂದೇ ತುಂಡು ಆರಿಸಿಕೊಳ್ರಿ, ಉದಾಹರಣೆಗಿ ರೀಫಂಡ್ ಅಷ್ಟೇ, ಅದಕ್ಕ ಹತ್ತು ಹನ್ನೆರಡು ಟೆಸ್ಟ್ ಕೇಸ್ ಬರೀರಿ, ಉಳಿದ ಭಾಗಕ್ಕ ಬರೀ ತಲೆಬರಹ ಕೊಡ್ರಿ, 'ಇದರ ಮ್ಯಾಲ 45 ನಿಮಿಷ ಕಾಲ್ ಇಡ್ರಿ, ಉಳಿದದ್ದು ಹೆಂಗ ಮಾಡ್ತೀನಿ ಅಂತ ನಿಮ್ಮ ಮುಂದೇ ಹೇಳ್ತೀನಿ' ಅಂತ ಬರೀರಿ. ಕೆಲಸ ಗೊತ್ತಿರೋ ಮ್ಯಾನೇಜರ್‌ಗ ಇದು ಸಾಕು, ಸಾಕಲ್ಲ ಅಂದವರ ಬಗ್ಗೆ ನಿಮಗೂ ಒಂದು ವಿಷಯ ತಿಳೀತದ. ಮೂರು ತಾಸಿಗಿಂತ ಜಾಸ್ತಿ ಅದಕ್ಕ ಕೊಡ್ಬ್ಯಾಡ್ರಿ.

ಎಚ್ಚರಿಕಿ ಎರಡು. ಲೈವ್ ಆ್ಯಪ್ ಮ್ಯಾಲ ಬಗ್ ಹುಡುಕ್ಲಕ ಹೋಗ್ಲೇಬ್ಯಾಡ್ರಿ, ಟೆಸ್ಟ್ ಎನ್ವಿರಾನ್‌ಮೆಂಟ್ (ಪರೀಕ್ಷೆಗಂತ ಬ್ಯಾರೆ ಇಟ್ಟ ಸಿಸ್ಟಮ್), ಲಾಗಿನ್, ಅನುಮತಿ ಎಲ್ಲಾ ಮೇಲ್‌ದಾಗ ಬರದು ಕೊಡ್ರಿ ಅಂತ ಕೇಳ್ರಿ, ಯಾಕಂದ್ರ ಮಾಲೀಕರ ಅನುಮತಿ ಇಲ್ಲದ ಸಿಸ್ಟಮ್‌ದಾಗ ಕೈ ಹಾಕೋದು 2000ದ ಐಟಿ ಕಾಯ್ದೆಯ 43ನೇ ಕಲಂ ಕೆಳಗ ಬರ್ತದ, ಎಚ್‌ಆರ್ ಹೇಳಿದ್ರು ಅಂತ ಆಮ್ಯಾಲ ಬಾಯಿಮಾತು ನಡಿಯಂಗಿಲ್ಲ. ಇನ್ನೊಂದು, ಅವಸರದಾಗ ಈಗಿನ ಕಂಪನಿದು ಹಳೇ ಟೆಸ್ಟ್ ಪ್ಲ್ಯಾನ್ ತಗದು ಹೆಸರು ಬದಲಿಸಿ ಕೊಡೋ ಮನಸ್ಸಾಗ್ತದ, ಅದು ನಿಮ್ಮ ಕಂಪನಿಯ ಸೊತ್ತು, ಅಲ್ಲಿ ಸಿಕ್ಕಿಬಿದ್ರ ಎರಡೂ ಕಡಿ ಹೋಗ್ತದ.

ಅಸೈನ್‌ಮೆಂಟ್ ಜೊತಿಗೇ ಮೂರು ಮಾತು ಕೇಳ್ರಿ. ಇನ್ನ ಎಷ್ಟು ರೌಂಡ್ ಉಳದಾವ, ಕೊನೀ ತೀರ್ಮಾನ ಯಾರದು, ಯಾವ ತಾರೀಖಿನೊಳಗ ಹೇಳ್ತೀರಿ. ಇಂಗ್ಲಿಷ್‌ದಾಗ ಐದು ಸಾಲು ಸಾಕು, ಸಿಟ್ಟು ಬ್ಯಾಡ, ಬೇಡಿಕೊಳ್ಳೋದೂ ಬ್ಯಾಡ. ಹಿಂಗ ಕೇಳಿದ್ರ ಬಿಟ್ಟುಬಿಡ್ತಾರೇನೋ ಅಂತ ಎಲ್ಲರೂ ಅಂಜತಾರ, ಆದ್ರ ಬೇಕಾದ ಕ್ಯಾಂಡಿಡೇಟ್‌ನ ತಾರೀಖು ಕೇಳಿದ್ದಕ್ಕ ಬಿಟ್ಟದ್ದು ನಾ ಒಳಗಿದ್ದಾಗ ನೋಡಿಲ್ಲ. ಬಿಡೋರು ಮೊದಲೇ ಬಿಡೋ ಮನಸ್ಸು ಮಾಡಿರ್ತಾರ, ನಿಮ್ಮ ಮೇಲ್ ಅವರಿಗಿ ಒಂದು ನೆಪ ಅಷ್ಟೇ. ಎಚ್‌ಆರ್‌ಗ ಮೇಲ್ ಹಾಕಿ ನಾಲ್ಕು ಕೆಲಸದ ದಿನ ಉತ್ತರ ಬರಲಿಲ್ಲಂದ್ರ ಮ್ಯಾನೇಜರ್ ರೌಂಡ್ ತಗೊಂಡವರಿಗಿ ಒಂದು ಮೇಲ್ ಹಾಕ್ರಿ, ಅದಕ್ಕೂ ಇಲ್ಲಂದ್ರ ಫೋನ್ ಮ್ಯಾಲ ಫೋನ್ ಮಾಡ್ಬ್ಯಾಡ್ರಿ. ಆಮ್ಯಾಲ ನಿಮ್ಮದೇ ಒಂದು ತಾರೀಖು ಇಟ್ಟುಕೊಳ್ರಿ, ಮೂರು ವಾರ ಅನ್ರಿ, ಅಲ್ಲಿ ತನಕ ಬ್ಯಾರೆ ಕಂಪನಿಗಳಿಗಿ ಅಪ್ಲೈ ಮಾಡೋದು ನಿಲ್ಲಬಾರದು. ನೀವು ಈ ಒಂದೇ ಕಂಪನಿ ನಂಬಿಕೊಂಡು ಎರಡೂವರೆ ತಿಂಗಳು ಬ್ಯಾರೆ ಎಲ್ಲೂ ಹಾಕಿಲ್ಲ ಅಂತ ಬರದೀರಲ್ಲ, ನಿದ್ದಿ ಹೋಗಿದ್ದಕ್ಕ ಅರ್ಧ ಕಾರಣ ಅದೇ.

ನಮ್ಮ ಭಾಗದ ಹುಡುಗ್ರು ಉದ್ದ ಪರೀಕ್ಷೆಗಿ ಅಂಜೋರಲ್ಲ. ಯುಪಿಎಸ್‌ಸಿ ನೋಡ್ರಿ, ಪ್ರಿಲಿಮ್ಸ್, ಮೇನ್ಸ್, ಇಂಟರ್ವ್ಯೂ ಸೇರಿ ಹೆಚ್ಚುಕಮ್ಮಿ ಒಂದು ವರ್ಷ ಹಿಡೀತದ, ಆದ್ರೂ ಜನ ಬರೀತಾರ, ಯಾಕಂದ್ರ ಮೇನ್ಸ್‌ಗ 1750, ಇಂಟರ್ವ್ಯೂಗ 275, ಒಟ್ಟು 2025 ಮಾರ್ಕ್ಸ್ ಅಂತ ಮೊದಲ ದಿನದಿಂದ ಗೊತ್ತಿರ್ತದ, ಮೂರನೇ ಹಂತ ಆದ ಮ್ಯಾಲ ನಾಲ್ಕನೇದು ಹುಟ್ಟಂಗಿಲ್ಲ. ಪ್ರೈವೇಟ್‌ದಾಗ ಮನಷ್ಯಾನ್ನ ಸೋಲಿಸೋದು ಎಷ್ಟು ದಿನ ಅನ್ನೋದಲ್ಲ, ಎಲ್ಲಿಗಿ ಮುಗೀತದ ಅಂತ ತಿಳೀದೇ ಇರೋದು. ಆ ಮೂರು ಪ್ರಶ್ನೆ ಕೇಳ್ರಿ ಅಂದದ್ದು ಅದಕ್ಕೇ.

ಯುಪಿಎಸ್‌ಸಿ ಮಾತು ಬಂತಲ್ಲ, ನಿಮ್ಮ ಅಪ್ಪಾವರ ಮಾತಿಗೂ ಇಲ್ಲೇ ಹೇಳ್ತೀನಿ. 371ಜೆ ಬಂದದ್ದು 2012ರ 98ನೇ ಸಂವಿಧಾನ ತಿದ್ದುಪಡಿಯಿಂದ, ಅದು ಕೆಲಸ ಮಾಡೋದು ಕಲ್ಯಾಣ ಕರ್ನಾಟಕದ ಶಿಕ್ಷಣ ಮತ್ತ ರಾಜ್ಯ ಸರ್ಕಾರದ ನೌಕರಿದಾಗ, ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆ 80% ಇಲ್ಲಿಯವರಿಗೇ. ಪ್ರೈವೇಟ್ ಕಂಪನಿಗಿ ಅದರ ಸಂಬಂಧ ಇಲ್ಲ. ಅಪ್ಪಾವರು ಹೇಳೋದು ತಪ್ಪಲ್ಲ, ಆದ್ರ ನೋಟಿಫಿಕೇಶನ್ ಯಾವಾಗ ಬರ್ತದ, ಬಂದದ್ದು ಯಾವಾಗ ಮುಗೀತದ ಅನ್ನೋದು ಅಲ್ಲಿಯೂ ನಮ್ಮ ಕೈಯಾಗಿಲ್ಲ. ಅಸಿಸ್ಟಂಟ್ ಕಮಿಷನರ್ ಆಫೀಸಿನ ಅರ್ಹತಾ ಪ್ರಮಾಣ ಪತ್ರ ಇನ್ನೂ ತಗೊಂಡಿಲ್ಲಂದ್ರ ತಗದಿಟ್ಟುಕೊಳ್ರಿ, ನೌಕರಿ ಮಾಡ್ತಾ ಮಾಡ್ತಾ ಪರೀಕ್ಷೆ ಬರೀಲಕ ಯಾರೂ ಅಡ್ಡ ಬರಂಗಿಲ್ಲ. ಇದು ಬಿಟ್ರ ಅದು ಅಂತ ಮನಿದಾಗ ಜಗಳ ಆಡೋ ವಿಷಯನೇ ಅಲ್ಲ ಇದು.

30 ಸಾವಿರದ ರೆಫರಲ್ ಅಂದ್ರಲ್ಲ, ಅದು ಮೋಸ. ಖರೇ ರೆಫರಲ್ ಅಂದ್ರ ಕಂಪನಿದಾಗಿನ ನೌಕರ ನಿಮ್ಮ ರೆಸ್ಯೂಮೆ ಒಳಗಿನ ಪೋರ್ಟಲ್‌ದಾಗ ಹಾಕೋದು, ನೀವು ಸೇರಿದ್ರ ಕಂಪನಿನೇ ಅವನಿಗಿ ಬೋನಸ್ ಕೊಡ್ತದ, ನೀವು ರೊಕ್ಕ ಕೊಡೋ ಮಾತೇ ಇಲ್ಲ. ಅದರಿಂದ ರೆಸ್ಯೂಮೆ ಲಗು ಕಣ್ಣಿಗಿ ಬೀಳ್ತದ, ರೌಂಡ್ ತಪ್ಪಂಗಿಲ್ಲ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಜಿಟ್, ಟ್ರೈನಿಂಗ್ ಚಾರ್ಜ್ ಅಂತ ಕೇಳೋರೂ ಅದೇ ಜಾತಿಯವರು. ಯಾರರ ಗೊತ್ತಿದ್ದವರು ರೊಕ್ಕ ಕೊಟ್ಟು ಕಳಕೊಂಡಿದ್ರ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ಲಕ ಹೇಳ್ರಿ, ಲಗು ಹೇಳಿದ್ರ ಬ್ಯಾಂಕಿನ್ಯಾಗ ರೊಕ್ಕ ತಡಿಯೋ ಸಾಧ್ಯತೆ ಇರ್ತದ.

ಇಂಗ್ಲಿಷ್ ಬಗ್ಗೆ ಸಣ್ಣ ಮಾತು. ನಿಮ್ಮ ಇಂಗ್ಲಿಷ್ ಅಡ್ಡ ಬಂದಿದ್ರ ಎಚ್‌ಆರ್ ಫೋನ್ ರೌಂಡ್‌ದಾಗೇ ಬರ್ತಿತ್ತು. ಟೆಸ್ಟರ್‌ಗ ಬೇಕಾದದ್ದು ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು ಅಂತ ಮೂರು ಸಾಲು ಸ್ಪಷ್ಟ ಬರ್ಯೋದು, ಅದನ್ನೇ ಮಾತಿನ್ಯಾಗೂ ತರ್ರಿ. ನೀವು ಹಿಡಿದ ಎರಡು ಮೂರು ದೊಡ್ಡ ಬಗ್‌ಗಳ ಕಥಿ ಮೊದಲು ನಮ್ಮ ಮಾತಿನ್ಯಾಗೇ ಹೇಳಿ ಫೋನ್‌ದಾಗ ರೆಕಾರ್ಡ್ ಮಾಡಿ ಕೇಳ್ರಿ, ಆಮ್ಯಾಲ ಇಂಗ್ಲಿಷ್‌ದಾಗ. ಕಥಿ ಸರಿ ಇದ್ರ ಭಾಷಾ ಹಿಂದಿಂದ ಬರ್ತದ. ಪ್ರಶ್ನೆ ತಿಳೀಲಿಲ್ಲಂದ್ರ ಮತ್ತೊಮ್ಮೆ ಕೇಳ್ರಿ ಅಂದ್ರ ಯಾರೂ ಮಾರ್ಕ್ಸ್ ಕಡಿಯಂಗಿಲ್ಲ, ತಿಳೀದೇ ಬ್ಯಾರೆ ಉತ್ತರ ಕೊಟ್ರ ಕಡೀತಾರ. ಇನ್ನ ಕಲಬುರಗಿ ಮಂದಿಗಿ ಕನ್ನಡ, ಹಿಂದಿ, ಉರ್ದು, ಒಂದಿಷ್ಟು ತೆಲುಗು ಎಲ್ಲಾ ಬರ್ತದಲ್ರಿ, ಹೈದ್ರಾಬಾದಿನ ಟೀಮ್‌ದಾಗ ಅದು ಎಷ್ಟು ಉಪಯೋಗ ಅಂತ ಸೇರಿದ ಮ್ಯಾಲ ನೋಡ್ತೀರಿ.

ಮದುವಿ ಪ್ರಶ್ನೆ. ಅದು ಕೇಳಬಾರದ ಪ್ರಶ್ನೆ, ಹುಡುಗ್ರಿಗಿ ಅದೇ ಪ್ಯಾನಲ್ ಕೇಳಿರಂಗಿಲ್ಲ. ಕೇಳಿದವರ ತಲಿಯೊಳಗ ಇರೋದು ಈಕಿ ಆರು ತಿಂಗಳದಾಗ ಬಿಟ್ಟು ಹೋಗ್ತಾಳೇನೋ ಅನ್ನೋದು. ಜಗಳ ಆಡಿದ್ರ ನೌಕರಿ ಹೋಗಬಹುದು, ಮದುವಿ ವಿವರ ಎಲ್ಲಾ ಹೇಳಿದ್ರೂ ಹೋಗಬಹುದು, ಅದಕ್ಕ ಆ ಅಂಜಿಕಿಗಷ್ಟೇ ಉತ್ತರ ಕೊಡ್ರಿ: 'ಹೈದ್ರಾಬಾದಿಗಿ ಬರ್ಲಕ, ಆಫೀಸ್ ಟೈಮಿಗಿ ನನ್ನ ಕಡಿಂದ ಏನೂ ಅಡ್ಡಿ ಇಲ್ರಿ, ಮನಿದಾಗೂ ಮಾತಾಡೀನಿ.' ಅಲ್ಲಿಗಿ ನಿಲ್ಲಿಸ್ರಿ, ಮುಂದಿನ ಪ್ರಶ್ನೆಗಿ ಕಾಯ್ರಿ. ಡೈರೆಕ್ಟರ್ ಮತ್ತ ಅದನ್ನೇ ಕೇಳಿದ್ರ ಆ ಜಾಗಾ ಹೆಂಗದ ಅಂತ ನೀವೂ ಲೆಕ್ಕ ಹಾಕ್ರಿ, ಆಯ್ಕೆ ಮಾಡೋದು ಅವರೊಬ್ಬರೇ ಅಲ್ಲ.

ನಿದ್ದಿ ಬಗ್ಗೆ ದೊಡ್ಡ ಉಪದೇಶ ಕೊಡಂಗಿಲ್ಲ. ಇಂಟರ್ವ್ಯೂ ಮೇಲ್ ನೋಡ್ಲಕ ದಿನಕ್ಕ ಎರಡು ಹೊತ್ತು ಇಟ್ಟುಕೊಳ್ರಿ, ನೋಟಿಫಿಕೇಶನ್ ಬಂದ್ ಮಾಡ್ರಿ. ಮನಿದಾಗ ಒಬ್ಬರು, ಹೊರಗ ಒಬ್ಬರು, ಇಷ್ಟೇ ಮಂದಿಗಿ ಹೇಳ್ರಿ, ಓಣಿ ತುಂಬ ಸುದ್ದಿ ಹಬ್ಬಿದ್ರ ಅಂಗಡಿಗಿ ಹೋದ್ರೂ 'ಏನವ್ವಾ ನೌಕರಿ ಆಯ್ತೇನು' ಅಂತ ಕೇಳೋದು ಶುರು ಆಗ್ತದ. ಆಫೀಸಿನ್ಯಾಗ ಮ್ಯಾಲಿಂದ ಮ್ಯಾಲ ಹೊಟ್ಟಿನೋವು ಅಂತ ರಜಾ ಹಾಕಿದ್ರ ಅಲ್ಲಿ ಅನುಮಾನ ಹುಟ್ಟೇ ಹುಟ್ಟತದ, ಅದಕ್ಕ ಕಾಲ್‌ಗಳನ್ನ ಮುಂಜಾನಿ 8.30ಕ್ಕೋ ಸಂಜಿ 6.30ರ ಮ್ಯಾಲೋ ಇಡ್ರಿ ಅಂತ ಕೇಳ್ರಿ, ಬಹಳ ಮಂದಿ ಒಪ್ತಾರ. ಬ್ಯಾಸಗಿದಾಗ ಕರೆಂಟ್ ಹೋಗೋದು ಇದ್ದದ್ದೇ, ವಿಡಿಯೋ ಕಾಲ್ ಇದ್ದ ದಿನ ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇರಲಿ, ಕಾಲ್ ಕಟ್ ಆದ್ರ ಈ ನಂಬರಿಗಿ ಫೋನ್ ಮಾಡ್ರಿ ಅಂತ ಶುರುದಾಗೇ ಹೇಳ್ರಿ.

ಹೈದ್ರಾಬಾದಿಗಿ ಕರದ್ರ ಹೋಗಬೇಕೋ ಬ್ಯಾಡೋ? ಇದೇ ಕೊನೀ ರೌಂಡ್ ಅಂತ ಮೇಲ್‌ದಾಗ ಬರದು ಕೊಟ್ರ ಹೋಗ್ರಿ, ಎಚ್‌ಆರ್ ಜೊತಿ ಪಗಾರದ ಮಾತೂ ಅದೇ ದಿನ ಮುಗಿಸ್ರಿ ಅಂತ ಕೇಳ್ರಿ, ಪ್ರಯಾಣದ ಖರ್ಚು ಕೊಡ್ತೀರೇನು ಅಂತನೂ ಹೋಗೋಕಿಂತ ಮೊದಲೇ ಕೇಳ್ರಿ, ಕೇಳಿದವರಿಗೇ ಸಿಗ್ತದ. ಆಫೀಸ್ ಗಚ್ಚಿಬೌಲಿ, ಹೈಟೆಕ್ ಸಿಟಿ ಕಡಿ ಇದ್ರ ವಾಡಿ, ತಾಂಡೂರ್ ಮ್ಯಾಲಿಂದ ಹೋಗೋ ಟ್ರೇನ್ ಲಿಂಗಂಪಲ್ಲಿಗಿ ನಿಲ್ತದೇನು ನೋಡಿ ಬುಕ್ ಮಾಡ್ರಿ, ನಾಂಪಲ್ಲಿ ತನಕ ಹೋಗಿ ತಿರುಗಿ ಬರೋದು ಬರೀ ದಂಡ. ಕೊನೀದು ಅಂತ ಬರದು ಕೊಡ್ಲಕ ತಯಾರಿಲ್ಲಂದ್ರ ವಿಡಿಯೋದಾಗೇ ಮಾಡ್ರಿ ಅನ್ರಿ.

ಪಗಾರದ ಮಾತು ಬಂದಾಗ ಸಿಟಿಸಿ, ಅಂದ್ರ ಕಂಪನಿ ನಿಮ್ಮ ಮ್ಯಾಲ ಮಾಡೋ ಒಟ್ಟು ಖರ್ಚಿನ ಲೆಕ್ಕ, ನೋಡಿ ಹಿಗ್ಗಬ್ಯಾಡ್ರಿ. ಅದ್ರಾಗ ಕಂಪನಿ ಕಟ್ಟೋ 12% ಪಿಎಫ್ ಇರ್ತದ, ಬೇಸಿಕ್‌ದ 4.81% ಅಂತ ಗ್ರಾಚ್ಯುಟಿ ಹಾಕಿರ್ತಾರ, ಅದು ಕೈಗಿ ಬರ್ಬೇಕಂದ್ರ ಪರ್ಮನೆಂಟ್ ನೌಕರರು ಐದು ವರ್ಷ ಇರ್ಬೇಕು, ವೇರಿಯಬಲ್, ಅಂದ್ರ ಕೆಲಸ ನೋಡಿ ಕೊಡೋ ಭಾಗ, ಅನ್ನೋದು ಕೊಟ್ರ ಕೊಟ್ಟಂಗ. ತಿಂಗಳಿಗಿ ಕೈಗಿ ಎಷ್ಟು ಬರ್ತದ ಅಂತ ಬರಸಿಕೊಳ್ರಿ, ಹೈದ್ರಾಬಾದ್ ಪಿಜಿ ಬಾಡಿಗಿ, ಊಟ, ಊರಿಗಿ ಬಂದು ಹೋಗೋದು ಕಳದು ಈಗಿನ 21 ಸಾವಿರದ ಜೊತಿ ಹೋಲಿಸ್ರಿ. ಇಷ್ಟು ವರ್ಷ ಬಿಡಂಗಿಲ್ಲ, ಬಿಟ್ರ ರೊಕ್ಕ ಕಟ್ಟಬೇಕು ಅನ್ನೋ ಬಾಂಡ್ ಇದ್ರ ಪೂರ್ತಿ ಓದ್ರಿ. ಬಾಂಡ್ ಕೋರ್ಟಿನ್ಯಾಗ ನಿಲ್ಲಂಗಿಲ್ಲ ಅಂತ ಹುಡುಗ್ರು ಹೇಳ್ತಾರ, ಅದು ಎಲ್ಲಾ ಸಲ ಖರೇ ಅಲ್ಲ, 2025ರಾಗ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಾಗ ಮೂರು ವರ್ಷದ ಒಳಗ ಬಿಟ್ರ 2 ಲಕ್ಷ ಕಟ್ಟಬೇಕು ಅನ್ನೋ ಷರತ್ತನ್ನ ಸುಪ್ರೀಂ ಕೋರ್ಟ್ ಎತ್ತಿ ಹಿಡದದ. ಮತ್ತ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಲ್ಲೇ ಇಡ್ರಿ, ಸೇರಿದ ಮ್ಯಾಲ ವಾಪಸ್ ಕೊಡ್ತೀವಿ ಅಂತ ಯಾರರ ಕೇಳಿದ್ರ ತೋರಸ್ರಿ, ಝೆರಾಕ್ಸ್ ಕೊಡ್ರಿ, ಒರಿಜಿನಲ್ ಬ್ಯಾಗಿನ್ಯಾಗ ಹಾಕಿಕೊಂಡು ವಾಪಸ್ ಬರ್ರಿ.